ಬಿಕೆಎಫ್ ಫೈಲ್ ಬಿಚ್ಚೋಕೆ ಈಗಲೂ ಎಕ್ಸ್‌ಪಿಯ ಎನ್‌ಟಿಬ್ಯಾಕಪ್ಪೇ ಸರಿ

ದಾವಣಗೆರೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಆಗೀಗ ಒಂದು ಕವನ ಸಂಕಲನ. ಹೊಸ ಕಂಪ್ಯೂಟರ್‌ಗಳ ಜೊತೆ ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಡೆಸ್ಕ್‌ಟಾಪ್ ಒಂದನ್ನೂ ಉಳಿಸಿಕೊಂಡಿದ್ದೇನೆ. ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರ ಏಪ್ರಿಲ್‌ನಲ್ಲಿ, ಹಾಗಾಗಿ ಕೊಡುವುದು ಕ್ಷೇಮವೂ ಅಲ್ಲ. ಆ ಯಂತ್ರ ಅಲ್ಲಿರುವುದು ಮುಖ್ಯವಾಗಿ ಒಂದೇ ಸಾಫ್ಟ್‌ವೇರ್‌ಗಾಗಿ. ಅದು ಎನ್‌ಟಿಬ್ಯಾಕಪ್, ಫೈಲ್‌ಗಳ ಬ್ಯಾಕಪ್ (ಕಾಪಿಟ್ಟ ನಕಲು) ತೆಗೆಯಲು ಎಕ್ಸ್‌ಪಿ ಜೊತೆಗೇ ಬರುತ್ತಿದ್ದ ಸಾಫ್ಟ್‌ವೇರ್.

ಎಕ್ಸ್‌ಪಿ ಕಾಲದಲ್ಲಿ ಜನ ಇದರಲ್ಲೇ ಬ್ಯಾಕಪ್ ತೆಗೆದು ಸಿಡಿಗೆ ಬರೆಸಿ ಬೀರುವಿನಲ್ಲಿಟ್ಟರು. ಈಗ ತೆಗೆದು ನೋಡಿದರೆ ಫೋಟೋನೂ ಕಾಣುವುದಿಲ್ಲ, ಲೆಕ್ಕದ ಶೀಟೂ ಕಾಣುವುದಿಲ್ಲ. ಬಿಕೆಎಫ್ (.bkf) ಅಂತ ಕೊನೆಯಾಗುವ ದೊಡ್ಡ ಫೈಲ್ ಒಂದೇ ಇರುತ್ತದೆ. ಹೊಸ ವಿಂಡೋಸ್‌ನಲ್ಲಿ ಕ್ಲಿಕ್ ಮಾಡಿದರೆ ಯಾವ ಪ್ರೋಗ್ರಾಂನಲ್ಲಿ ತೆರೆಯಲಿ ಅಂತ ಅದೇ ನಿಮ್ಮನ್ನು ಕೇಳುತ್ತದೆ. 2007ರಲ್ಲಿ ವಿಸ್ತಾ ಬಂದಾಗ ಎನ್‌ಟಿಬ್ಯಾಕಪ್ಪನ್ನು ವಿಂಡೋಸ್‌ನಿಂದ ಕೈಬಿಟ್ಟರು. ಹೊಸ ಬ್ಯಾಕಪ್ ಸಾಫ್ಟ್‌ವೇರ್ ಕೊಟ್ಟರು, ಆದರೆ ಅದು ಹಳೇ ಬಿಕೆಎಫ್ ಓದುವುದಿಲ್ಲ. ಆಮೇಲೆ ವಿಸ್ತಾಕ್ಕೂ ವಿಂಡೋಸ್ 7ಕ್ಕೂ ರಿಸ್ಟೋರ್ ಮಾತ್ರ, ಅಂದರೆ ಬ್ಯಾಕಪ್‌ನಿಂದ ಫೈಲ್‌ಗಳನ್ನು ಹೊರತೆಗೆಯುವ ಕೆಲಸ ಮಾತ್ರ ಮಾಡುವ ಬೇರೆ ಟೂಲ್ ಬಿಟ್ಟರು. ಜನ ತಮ್ಮ ವರ್ಷಗಟ್ಟಲೆ ಕೆಲಸವನ್ನು ನಂಬಿ ಒಳಗಿಟ್ಟಿದ್ದ ಪೆಟ್ಟಿಗೆ ಅದು. ಅದರ ಬೀಗದ ಕೈ ಪ್ರತಿ ಹೊಸ ವಿಂಡೋಸ್ ಜೊತೆಗೂ ಬರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಕೆಲಸದ ವಿಷಯ. ನಮ್ಮ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಸಿಡಿ ತಂದಿದ್ದರು. ತಮ್ಮ ಊರಿನ ದೇವರು, ಜಾತ್ರೆ, ಮನೆತನಗಳ ಬಗ್ಗೆ ಬರೆದ ಪುಸ್ತಕದ ಹಸ್ತಪ್ರತಿ ಅದರಲ್ಲಿದೆ ಅಂದರು. "ಒಳಗೆ ಒಂದೇ ಫೈಲ್ ಐತಲ್ಲಪ್ಪ, ಉಳಿದದ್ದೆಲ್ಲ ಎಲ್ಲಿ ಹೋಯ್ತು?" ಅಂತ ಗಾಬರಿ. ಎಲ್ಲ ಅದರೊಳಗೇ ಇದೆ ಸಾರ್ ಅಂದೆ.

ಮೊದಲು ಸಿಡಿಯಲ್ಲಿರುವುದನ್ನು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳುತ್ತೇನೆ. ಹಳೇ ಸಿಡಿಯನ್ನು ಮತ್ತೆ ಮತ್ತೆ ಓದಿಸುವುದು ಬೇಡ. ಆಮೇಲೆ ಸ್ಟಾರ್ಟ್ ಮೆನುವಿನ ರನ್‌ನಲ್ಲಿ ಎನ್‌ಟಿಬ್ಯಾಕಪ್ (ntbackup) ಅಂತ ಟೈಪ್ ಮಾಡಿದರೆ ವಿಝಾರ್ಡ್ ಬರುತ್ತದೆ. ಅದನ್ನು ಬಿಟ್ಟು ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ. ಬೇರೆ ಕಂಪ್ಯೂಟರ್‌ನಲ್ಲಿ ಮಾಡಿದ ಬ್ಯಾಕಪ್ ಪಟ್ಟಿಯಲ್ಲಿ ತಾನಾಗಿ ಕಾಣುವುದಿಲ್ಲ. ಟೂಲ್ಸ್ ಮೆನುವಿನಿಂದ ಕ್ಯಾಟಲಾಗ್ ಮಾಡಿಸಬೇಕು, ಅಂದರೆ ಒಳಗೆ ಏನೇನಿದೆ ಅಂತ ಪಟ್ಟಿ ಮಾಡಿಸಬೇಕು. ಇದು ಟೇಪಿಗೆಂದು ರೂಪಿಸಿದ ಫಾರ್ಮ್ಯಾಟ್, ಮೊದಲಿನಿಂದ ಸಾಲಾಗಿ ಓದಿಕೊಂಡು ಹೋಗಬೇಕು. ಫೈಲ್ ದೊಡ್ಡದಿದ್ದರೆ ಹೊತ್ತು ಹಿಡಿಯುತ್ತದೆ, ಕಾಯಿರಿ. ಕ್ಯಾಟಲಾಗ್ ಮುಗಿದ ಮೇಲೆ ಹಳೇ ಫೋಲ್ಡರ್‌ಗಳು ಹೆಸರು, ತಾರೀಕು ಸಮೇತ ಸಾಲಾಗಿ ಕಾಣುತ್ತವೆ. ಬೇಕಾದ್ದಕ್ಕೆ ಮಾತ್ರ ಟಿಕ್ ಹಾಕಬಹುದು. ಇಡೀ ಬ್ಯಾಕಪ್ ಬಿಚ್ಚಬೇಕಾಗಿಲ್ಲ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಇದೇ.

ಇಲ್ಲಿ ಎರಡು ಕಡೆ ಹುಷಾರಾಗಿರಬೇಕು. ರಿಸ್ಟೋರ್ ಎಲ್ಲಿಗೆ ಅಂತ ಕೇಳುವಾಗ ಮೊದಲೇ ಆಯ್ಕೆಯಾಗಿರುವುದು ಒರಿಜಿನಲ್ ಲೊಕೇಶನ್. ಬೇರೆಯವರ ಬ್ಯಾಕಪ್ಪನ್ನು ನಿಮ್ಮ ಯಂತ್ರದ ಫೋಲ್ಡರ್‌ಗಳಿಗೆ ಸುರಿಯಬೇಡಿ. ಆಲ್ಟರ್ನೇಟ್ ಲೊಕೇಶನ್ ಆರಿಸಿ, ಖಾಲಿ ಫೋಲ್ಡರ್ ಒಂದನ್ನು ತೋರಿಸಿ. ಪಕ್ಕದಲ್ಲೇ ಸಿಂಗಲ್ ಫೋಲ್ಡರ್ ಅಂತ ಇನ್ನೊಂದಿದೆ. ಅದು ಎಲ್ಲ ಫೈಲ್‌ಗಳನ್ನೂ ಒಂದೇ ಕಡೆ ಗುಡ್ಡೆ ಹಾಕುತ್ತದೆ. ಫೋಲ್ಡರ್ ಜೋಡಣೆ ಹೋಗಿಬಿಡುತ್ತದೆ, ಅದು ಬೇಡ. ಎರಡನೆಯದು ಅಡ್ವಾನ್ಸ್ಡ್ ಬಟನ್ ಒಳಗಿರುವ ರಿಸ್ಟೋರ್ ಸೆಕ್ಯುರಿಟಿ. ಅದರ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಹಳೇ ಕಂಪ್ಯೂಟರ್‌ನ ಯೂಸರ್ ಅನುಮತಿಗಳೂ ಫೈಲ್ ಜೊತೆಗೇ ಬರುತ್ತವೆ. ಫೈಲ್ ಕಣ್ಣೆದುರೇ ಇದ್ದರೂ ಆಕ್ಸೆಸ್ ಡಿನೈಡ್ ಅನ್ನಬಹುದು. ಎಕ್ಸ್‌ಪಿಯಲ್ಲಿ ಎನ್‌ಕ್ರಿಪ್ಟ್ ಮಾಡಿಟ್ಟಿದ್ದ (ಬೇರೆಯವರು ಓದಲಾಗದಂತೆ ಗುಪ್ತವಾಗಿಸಿದ್ದ) ಫೈಲ್‌ಗಳ ಮಾತು ಬೇರೆ. ಅವು ಎನ್‌ಕ್ರಿಪ್ಟ್ ಆಗಿಯೇ ಹೊರಬರುತ್ತವೆ, ಅವಕ್ಕೆ ಹಳೇ ಸರ್ಟಿಫಿಕೇಟ್, ಅಂದರೆ ಅವನ್ನು ಬಿಚ್ಚುವ ಕೀಲಿ, ಬೇಕೇ ಬೇಕು.

ಮೇಷ್ಟ್ರ ಅಧ್ಯಾಯಗಳೆಲ್ಲ ಬಂದವು. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಮೇಷ್ಟ್ರು ಫೈಲ್ ಕೆಟ್ಟಿದೆ ಅಂದುಕೊಂಡರು. ಕೆಟ್ಟಿರಲಿಲ್ಲ. ಆಗ ಅವರು ಟೈಪ್ ಮಾಡಿದ್ದು ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟ್‌ನಲ್ಲಿ. ಸಾಮಾನ್ಯವಾಗಿ ಜನ ಬ್ಯಾಕಪ್ ತೆಗೆಯುತ್ತಿದ್ದದ್ದು ಮೈ ಡಾಕ್ಯುಮೆಂಟ್ಸ್ ಮಾತ್ರ. ಫಾಂಟ್ ಇರುವುದು ವಿಂಡೋಸ್ ಫೋಲ್ಡರ್ ಒಳಗೆ, ಹಾಗಾಗಿ ಬ್ಯಾಕಪ್‌ನಲ್ಲಿ ಬರುವುದಿಲ್ಲ. ನುಡಿ ಹಾಕಿದ ಕೂಡಲೇ ಪುಟಗಳು ಕನ್ನಡಕ್ಕೆ ಬಂದವು. ಕನ್ನಡದ ಹಳೇ ಫೈಲ್ ಇರುವವರು ಇದನ್ನು ದಯವಿಟ್ಟು ನೆನಪಿಡಿ. ಅಕ್ಷರ ವಿಚಿತ್ರವಾಗಿ ಕಂಡಿತು ಅಂತ ಸಿಡಿ ಎಸೆಯಬೇಡಿ. ಮೊದಲು ಫಾಂಟ್ ಹಾಕಿ, ಆಮೇಲೆ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಾಯಿಸಿ. ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯಾ ಅಂತ ಕಣ್ಣಾರೆ ಓದಿ ನೋಡಿ.

ಬಿಕೆಎಫ್ ರಿಪೇರಿ ಮಾಡುತ್ತೇವೆ ಅನ್ನುವ ಪೇಯ್ಡ್ ಸಾಫ್ಟ್‌ವೇರ್‌ಗಳೂ ಇವೆ. ಬ್ಯಾಕಪ್ ಫೈಲೇ ಹಾಳಾಗಿದ್ದರೆ ಆಗ ಯೋಚಿಸಿ. ಸರಿಯಿರುವ ಫೈಲ್‌ಗೆ ಸುಮ್ನೆ ದುಡ್ಡು ಕೊಡುವ ಅಗತ್ಯವಿಲ್ಲ. ಹಳೇ ಯಂತ್ರ ಇಲ್ಲದವರು ತಮ್ಮ ಎಕ್ಸ್‌ಪಿ ಸಿಡಿಯನ್ನು ವರ್ಚುವಲ್‌ಬಾಕ್ಸ್‌ನಲ್ಲಿ (ಈಗಿನ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿಕೊಂಡರೂ ಆಗುತ್ತದೆ. ಹೋಮ್ ಎಡಿಷನ್ ಆದರೆ ಎನ್‌ಟಿಬ್ಯಾಕಪ್ ತಾನಾಗಿ ಇನ್‌ಸ್ಟಾಲ್ ಆಗಿರುವುದಿಲ್ಲ. ಅದೇ ಸಿಡಿಯ ವ್ಯಾಲ್ಯೂಆಡ್ ಫೋಲ್ಡರ್ ಒಳಗೆ ಹುಡುಕಿ, ಸಿಗುತ್ತದೆ.

ಒಂದು ವಿಷಯ ಮಾತ್ರ ಮೊದಲೇ ನೋಡಿಕೊಳ್ಳಿ. ನಿಮ್ಮ ಫೈಲ್ ಹೆಸರು ಕ್ಯುಐಸಿ (.qic) ಅಂತ ಕೊನೆಯಾದರೆ ಅದು ವಿಂಡೋಸ್ 95 ಅಥವಾ 98ರ ಕಾಲದ ಬ್ಯಾಕಪ್. ಅದನ್ನು ಎನ್‌ಟಿಬ್ಯಾಕಪ್ ತೆರೆಯುವುದಿಲ್ಲ. ಅದಕ್ಕೆ ಆ ಕಾಲದ ವಿಂಡೋಸನ್ನೇ ಹಾಕಿಕೊಳ್ಳಬೇಕು.