ಒಂದು ‘ರನ್’, ಮೂರು ನಿಘಂಟು

ಇಂಗ್ಲಿಷ್ ನಿಘಂಟು ಕೊಳ್ಳುವವರು ಸಾಮಾನ್ಯವಾಗಿ ರಟ್ಟಿನ ಮೇಲೆ ಅಚ್ಚಾದ ಪದಗಳ ಸಂಖ್ಯೆ ನೋಡುತ್ತಾರೆ. ಅದರ ಬದಲು ‘ರನ್’ ಇರುವ ಪುಟ ತೆಗೆದು ನೋಡಿ. ಅಪರೂಪದ ಪದಕ್ಕೆ ಒಂದೋ ಎರಡೋ ಅರ್ಥ ಇರುತ್ತದೆ, ಅದನ್ನು ಯಾವ ನಿಘಂಟಾದರೂ ಕೊಟ್ಟೀತು. ಮಕ್ಕಳಿಗೂ ಗೊತ್ತಿರುವ ಈ ಪುಟ್ಟ ಕ್ರಿಯಾಪದವನ್ನು ಬಿಡಿಸಿಡುವುದು ಕಷ್ಟ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’. ಮೂರನೆಯ ಆವೃತ್ತಿಗಾಗಿ ‘ರನ್’ ಕ್ರಿಯಾಪದವನ್ನು ಪರಿಷ್ಕರಿಸಿದಾಗ ಅದು 645 ಅರ್ಥಗಳಿಗೆ ಬೆಳೆದು ಮುಂದೆ ಹೋಯಿತು. ನಿಘಂಟುಕಾರ ಪೀಟರ್ ಗಿಲಿವರ್ ಈ ಒಂದೇ ನಮೂದಿನ ಮೇಲೆ ಸುಮಾರು ಒಂಬತ್ತು ತಿಂಗಳು ಕೆಲಸ ಮಾಡಿದರು.

ಆ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಿಂದಲೇ ಆರಂಭಿಸೋಣ. ಪದದ ಚರಿತ್ರೆ ಬೇಕಿದ್ದರೆ ಇದಕ್ಕೆ ಸಾಟಿಯಿಲ್ಲ: ಪ್ರತಿ ಅರ್ಥಕ್ಕೂ ಇಸವಿ ಸಮೇತ ಬಳಕೆಯ ಸಾಲುಗಳು, ಹಳೆಯದು ಮೊದಲು. ಇದೇ ಕ್ರಮ ಓದುಗನಿಗೆ ತೊಡಕೂ ಆಗುತ್ತದೆ. ‘ಕಂಪ್ಯೂಟರಿನಲ್ಲಿ ಪ್ರೋಗ್ರಾಂ ರನ್ ಮಾಡು’ ಎಂಬ ಹೊಸ ಅರ್ಥ ಹುಡುಕುವವರು ಬಳಕೆ ತಪ್ಪಿದ ಎಷ್ಟೋ ಅರ್ಥಗಳನ್ನು ದಾಟಿಕೊಂಡು ಹೋಗಬೇಕು. ಅನುವಾದದ ಮೇಜಿಗೆ ಇದು ಹೊಂದುವುದಿಲ್ಲ. ಆದರೆ ಇದರ ವ್ಯುತ್ಪತ್ತಿ ಭಾಗವನ್ನು ಕನ್ನಡಿಗರು ಒಮ್ಮೆ ಓದಲೇಬೇಕು. ಹಳೆಯ ಇಂಗ್ಲಿಷಿನಲ್ಲಿ ತಾನೇ ಓಡುವುದಕ್ಕೆ, ಹರಿಯುವುದಕ್ಕೆ ಒಂದು ಕ್ರಿಯಾಪದವಿತ್ತು, ಓಡಿಸುವುದಕ್ಕೆ ಬೇರೊಂದು. ಕಾಲಕ್ರಮೇಣ ಎರಡೂ ಬೆರೆತು ಇಂದಿನ ‘ರನ್’ ಆಯಿತು. ಅವರು ಕಳೆದುಕೊಂಡ ಈ ಭೇದವನ್ನು ನಾವು ‘ಇಸು’ ಪ್ರತ್ಯಯದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇವೆ: ಓಡು–ಓಡಿಸು, ನಡೆ–ನಡೆಸು, ಹರಿ–ಹರಿಸು.

ದಿನದ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ ಲಾಂಗ್‌ಮನ್ ಡಿಕ್ಷನರಿ ಆಫ್ ಕಂಟೆಂಪರರಿ ಇಂಗ್ಲಿಷ್. 1978ರ ಮೊದಲ ಆವೃತ್ತಿಯಿಂದಲೂ ಇದರ ವಿವರಣೆಗಳು ಸುಮಾರು 2,000 ಸರಳ ಪದಗಳ ಮಿತಿಯಲ್ಲೇ ಇವೆ. ಹೀಗಾಗಿ ಒಂದು ಅರ್ಥ ತಿಳಿಯಲು ಇನ್ನೊಂದು ಪುಟ ತಿರುವಬೇಕಾಗಿ ಬರುವುದು ಅಪರೂಪ. ಉದ್ದದ ನಮೂದುಗಳಲ್ಲಿ ಬಹುಪಾಲು ಅರ್ಥಗಳ ತಲೆಯ ಮೇಲೆ ಒಂದೊಂದು ಕೈಮರ: ಯಂತ್ರ, ನೀರು, ಮೂಗು, ಚುನಾವಣೆ, ಹೀಗೆ. ವಿವರಣೆ ಓದುವ ಮೊದಲೇ ಕಣ್ಣು ಸರಿಯಾದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಇಷ್ಟು ಅರ್ಥಗಳಿರುವ ಪದಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಕಾಲಿನ್ಸ್ ಕೋಬಿಲ್ಡ್ ಹುಡುಕಲು ಸ್ವಲ್ಪ ನಿಧಾನ, ಕಲಿಯಲು ಉತ್ತಮ. ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ, ಕಂಪ್ಯೂಟರಿಗೆ ತುಂಬಿಸಿದ ಅಪಾರ ಪಠ್ಯವನ್ನು ಆಧರಿಸಿ 1987ರಲ್ಲಿ ಬಂದ ನಿಘಂಟು ಇದು. ಇಲ್ಲಿ ಅರ್ಥವೇ ಪೂರ್ಣ ವಾಕ್ಯ. ‘ನೀವು ಒಂದು ವ್ಯಾಪಾರವನ್ನು ರನ್ ಮಾಡುತ್ತಿದ್ದರೆ, ಅದರ ಹೊಣೆ ನಿಮ್ಮದು’ ಎಂಬ ಧಾಟಿ. ಕರ್ತೃ ಯಾರು, ಕರ್ಮ ಯಾವುದು ಎರಡೂ ಆ ವಾಕ್ಯದಲ್ಲೇ ಸಿಗುತ್ತವೆ. ನಾವು ‘ರನ್’ನಲ್ಲಿ ಎಡವುವುದೂ ಅಲ್ಲೇ.

ಯಾವ ನಿಘಂಟೇ ಆಗಲಿ, ಹುಡುಕುವ ಕ್ರಮ ಮುಖ್ಯ. ಮೊದಲು ಅದು ನಾಮಪದವೋ ಕ್ರಿಯಾಪದವೋ ನೋಡಿ. ಕ್ರಿಕೆಟ್ಟಿನ ರನ್, ಠೇವಣಿದಾರರು ಹಣ ವಾಪಸು ಪಡೆಯಲು ಬ್ಯಾಂಕಿಗೆ ಮುಗಿಬೀಳುವ ರನ್, ಪುಸ್ತಕದ ಒಂದು ಮುದ್ರಣದ ಪ್ರತಿಗಳನ್ನು ಹೇಳುವ ರನ್ ಇವೆಲ್ಲ ನಾಮಪದದ ಕಡೆ ಇರುತ್ತವೆ. ಕ್ರಿಯಾಪದವಾದರೆ ಮುಂದೆ ಕರ್ಮ ಇದೆಯೇ ನೋಡಿ. ಇದ್ದರೆ ಕನ್ನಡದಲ್ಲಿ ಬಹುಪಾಲು ‘ಇಸು’ ರೂಪ ಬರುತ್ತದೆ: ಶಾಲೆ ನಡೆಸು, ಯಂತ್ರ ಓಡಿಸು. ಇಲ್ಲದಿದ್ದರೆ ಕರ್ತೃವನ್ನು ಹಿಡಿಯಿರಿ. ಮೂಗಾದರೆ ಸೋರುತ್ತದೆ, ಬಟ್ಟೆಯ ಬಣ್ಣವಾದರೆ ಬಿಡುತ್ತದೆ, ರಸ್ತೆಯಾದರೆ ಹಾದುಹೋಗುತ್ತದೆ, ಒಪ್ಪಂದವಾದರೆ ಜಾರಿಯಲ್ಲಿರುತ್ತದೆ. ಕೊನೆಗೆ ಪಕ್ಕದ ಪುಟ್ಟ ಪದ. ‘ರನ್ ಔಟ್’ (ಮುಗಿದುಹೋಗು), ‘ರನ್ ಇಂಟು’ (ಅನಿರೀಕ್ಷಿತವಾಗಿ ಎದುರಾಗು) ಮುಂತಾದವನ್ನು ಕಲಿಕೆಯ ನಿಘಂಟುಗಳು ಮುಖ್ಯ ಅರ್ಥಗಳೆಲ್ಲ ಮುಗಿದ ಮೇಲೆ ಕೊಡುತ್ತವೆ. ಕೆಲವು ಜಾಲ ಆವೃತ್ತಿಗಳಲ್ಲಿ ಪ್ರತ್ಯೇಕ ಪುಟವೇ ಇರುತ್ತದೆ. ಇಲ್ಲಿಯವರೆಗೆ ಬಾರದೆ ‘ಅರ್ಥ ಸಿಗಲಿಲ್ಲ’ ಎಂದು ನಿಘಂಟನ್ನು ಮುಚ್ಚುವವರೇ ಹೆಚ್ಚು.

‘ಅವಳು ಜ್ವರ ಓಡಿಸುತ್ತಿದ್ದಾಳೆ’ ಎಂಬಂಥ ಅನುವಾದ ಹುಟ್ಟುವುದು ಒಂದನೆಯ ಅರ್ಥಕ್ಕೇ ನಿಂತುಬಿಡುವುದರಿಂದ. ಇಂಗ್ಲಿಷಿನಲ್ಲಿ ಜ್ವರವನ್ನು ‘ರನ್’ ಮಾಡುತ್ತಾರೆ. ಕನ್ನಡದಲ್ಲಿ ಜ್ವರ ಬರುತ್ತದೆ, ವಾಕ್ಯದ ಕರ್ತೃವೇ ಬದಲಾಗುತ್ತದೆ. ಇಂಥ ಕಡೆ ‘ಇಸು’ ಸೂತ್ರವೂ ಕೈಕೊಡುತ್ತದೆ, ಉದಾಹರಣೆ ವಾಕ್ಯ ಓದುವುದೊಂದೇ ದಾರಿ. ಇಂಗ್ಲಿಷ್–ಕನ್ನಡ ನಿಘಂಟುಗಳ ಪೈಕಿ ಹಲವು ಉದಾಹರಣೆಯಿಲ್ಲದೆ ಸಮಾನಪದಗಳನ್ನು ಸಾಲಾಗಿ ಕೊಡುವುದರಿಂದ ‘ರನ್’ನಂಥ ಪದಕ್ಕೆ ಅವನ್ನಷ್ಟೇ ನೆಚ್ಚಬಾರದು.

ಇನ್ನೊಂದು ಜಾಗ ಚುನಾವಣೆ. ಅಮೆರಿಕದ ಅಭ್ಯರ್ಥಿ ‘ರನ್’ ಮಾಡುತ್ತಾನೆ, ಬ್ರಿಟನ್ನಿನವನು ‘ಸ್ಟ್ಯಾಂಡ್’. ನಮ್ಮ ಅಭ್ಯರ್ಥಿಯೂ ಚುನಾವಣೆಗೆ ನಿಲ್ಲುತ್ತಾನೆ. ಓಡುವ ಪದವನ್ನು ನಿಲ್ಲುವ ಪದದಿಂದ ಅನುವಾದಿಸಬೇಕಾದ ಈ ಸಂದರ್ಭದಲ್ಲಿ, ಯಾವುದು ಯಾವ ದೇಶದ ಬಳಕೆ ಎಂದು ಗುರುತು ಹಾಕಿ ತೋರಿಸುವ ನಿಘಂಟನ್ನೇ ಆರಿಸಿಕೊಳ್ಳಿ.