ಫ್ರೇಮ್ ಹಾಕಿ ಸೀಲ್ ಮಾಡಿದ ‘ಲೇಖಕರ ಪತ್ರ’ ಕೊಳ್ಳುವ ಮುಂಚೆ ಇದನ್ನು ಓದಿ

ಲಿಮಿಟೆಡ್ ಎಡಿಷನ್ ಪುಸ್ತಕದ ಜೊತೆ ಲೇಖಕರ ಕೈಬರಹದ ಪತ್ರ ಸೇರಿಸಿ ಮಾರುವವರ ಬಗ್ಗೆ ಬರೆಯುತ್ತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ. ಹೇಳುವುದು ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ, ಆದರೆ ಪೂರ್ತಿ ಓದಿ.

ಪುಸ್ತಕ 300 ಪ್ರತಿಗಳ ಆವೃತ್ತಿ. ಅರ್ಧ ಚರ್ಮದ ಬೈಂಡಿಂಗ್, ಬಟ್ಟೆ ಹೊದಿಸಿದ ಸ್ಲಿಪ್‌ಕೇಸ್. ಕೊನೆಯ ಪುಟದಲ್ಲಿ ಪೆನ್ನಲ್ಲಿ ಬರೆದ ಪ್ರತಿ ಸಂಖ್ಯೆ, ಪಕ್ಕದಲ್ಲಿ ಚಿತ್ರ ಬಿಡಿಸಿದ ಕಲಾವಿದರ ಸಹಿ. ಲೇಖಕರು ತೀರಿಹೋಗಿ ಎಷ್ಟೋ ವರ್ಷ ಆದಮೇಲೆ ಬಂದ ಆವೃತ್ತಿ ಇದು. ಹಾಗಾಗಿ ಅವರ ಸಹಿ ಇದರಲ್ಲಿ ಇರಲು ಸಾಧ್ಯವೇ ಇಲ್ಲ. ಅದಕ್ಕೇ ಪತ್ರದ ಆಸೆ ತೋರಿಸಿದರು. 1938ರ ತಾರೀಖು, ಒಂದೇ ಪುಟ, ಕೆಳಗೆ ಸಹಿ, ಸಹಿಯ ಪಕ್ಕ ಒಂದು ಇಂಕಿನ ಕಲೆ. ‘ಹಿಂದಿನ ಮಾಲೀಕರು ಪುಸ್ತಕದ ಜೊತೆಯಲ್ಲೇ ಜೋಪಾನ ಮಾಡಿಟ್ಟಿದ್ದರು’ ಎಂದು ಮಾರಾಟಗಾರರು ಬರೆದಿದ್ದರು. ಪತ್ರವಿಲ್ಲದ ಪ್ರತಿಗೆ ಏನು ಬೆಲೆ ಇದೆಯೋ ಅದರ ಹಲವು ಪಟ್ಟು ಕೊಟ್ಟೆ. ನಿಜವಾದ ಪತ್ರಕ್ಕೆ ಅದು ಜಾಸ್ತಿ ಏನಲ್ಲ.

ಪತ್ರ ಬಂದದ್ದು ಗಾಜಿನ ಫ್ರೇಮ್‌ನಲ್ಲಿ. ಹಿಂಬದಿ ಪೂರ್ತಿ ಟೇಪ್ ಹಾಕಿ ಸೀಲ್ ಮಾಡಿತ್ತು. ಮೇಲೊಂದು ಚೀಟಿ: ‘ತೆರೆಯಬೇಡಿ, ಗಾಳಿ ತಾಗಿದರೆ ಇಂಕು ಹಾಳಾಗುತ್ತದೆ. ಸೀಲ್ ಒಡೆದರೆ ಗ್ಯಾರಂಟಿ ಇಲ್ಲ.’ ಜೊತೆಗೆ ಹೊಳೆಯುವ ಸರ್ಟಿಫಿಕೇಟ್. ಅದಕ್ಕೆ ಸಹಿ ಹಾಕಿದವರು ಆ ಮಾರಾಟಗಾರರೇ. ಪತ್ರ ಮಾರುವವರು ಫ್ರೇಮ್‌ನಲ್ಲಿ ಕಳಿಸುವುದು ಹೊಸದೇನಲ್ಲ. ಆದರೆ ತೆರೆಯಬೇಡಿ ಎಂದು ಷರತ್ತು ಹಾಕುವುದು ಯಾಕೆ ಎಂದು ಈಗ ಅರ್ಥವಾಗಿದೆ.

ಒಂದು ದಿನ ಪುಸ್ತಕ ಸಂಗ್ರಹಿಸುವ ಸ್ನೇಹಿತರು ಮನೆಗೆ ಬಂದಿದ್ದರು. ಹೆಮ್ಮೆಯಿಂದ ತೋರಿಸಿದೆ. ಅವರಲ್ಲಿ ಹಿರಿಯರೊಬ್ಬರು ಪತ್ರವನ್ನು ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಮುಂದಿನ ಸಲ ಬಂದಾಗ ಅದೇ ಆವೃತ್ತಿಯ ತಮ್ಮ ಪ್ರತಿ ತಂದರು. ಹಿಂದಿನ ರಟ್ಟು ತೆರೆದರು. ಒಳಗೆ ಒಂದು ಕಾಗದದ ಜೇಬು. ಅದರೊಳಗಿಂದ ಒಂದು ಪತ್ರ ತೆಗೆದು ನನ್ನ ಫ್ರೇಮ್ ಪಕ್ಕ ಇಟ್ಟರು.

ಅದೇ ಪತ್ರ. ಅದೇ ಸಾಲು, ಅದೇ ಸಹಿ, ಅದೇ ಜಾಗದಲ್ಲಿ ಅದೇ ಇಂಕಿನ ಕಲೆ. ಕಲೆಯ ಅಂಚು ಕೂಡ ಒಂದೇ.

ಆಮೇಲೆ ಆ ಹಿರಿಯರು, ಆ ಆವೃತ್ತಿಗೆ ಪ್ರಕಾಶಕರು ಹೊರಡಿಸಿದ್ದ ಹಳೆಯ ಕರಪತ್ರ ತೋರಿಸಿದರು. ‘ಪ್ರತಿಯೊಂದು ಪ್ರತಿಯ ಜೊತೆ ಲೇಖಕರ ಪತ್ರದ ಮುದ್ರಿತ ನಕಲು’ ಎಂದು ಸ್ಪಷ್ಟವಾಗಿ ಬರೆದಿದೆ. ನನ್ನ ಪ್ರತಿಯಲ್ಲೂ ಆ ಜೇಬು ಇದೆ. ಖಾಲಿ! ಅದರೊಳಗಿನ ಹಾಳೆಯನ್ನೇ ತೆಗೆದು, ಗಾಜು ಹಾಕಿ, ಅಸಲಿ ಎಂದು ನನಗೇ ಮಾರಿದ್ದಾರೆ. ಎಲ್ಲರ ಎದುರು ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು.

ಆ ರಾತ್ರಿಯೇ ಟೇಪ್ ಕತ್ತರಿಸಿದೆ. ಮಡಿಕೆಯ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ಮಡಿಕೆಯ ನೆರಳನ್ನೂ ಮುದ್ರಿಸಿದ್ದಾರೆ. ಯುವಿ ಟಾರ್ಚ್ ಹಿಡಿದರೆ ಕಾಗದ ನೀಲಿಯಾಗಿ ಹೊಳೆಯಿತು. ಕಾಗದಕ್ಕೆ ಆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದೇ 1950ರ ಸುಮಾರಿಗೆ. 1938ರ ಪತ್ರದಲ್ಲಿ ಅದಕ್ಕೇನು ಕೆಲಸ? ಭೂತಗನ್ನಡಿ ಹಿಡಿದರೆ ಅಕ್ಷರವೆಲ್ಲ ಸಣ್ಣ ಸಣ್ಣ ಬಣ್ಣದ ಚುಕ್ಕೆ, ಅಂದರೆ ಪೆನ್ನಲ್ಲ, ಮುದ್ರಣ. (ಚುಕ್ಕೆ ಇಲ್ಲ ಅಂದರೆ ಅಸಲಿ ಅಂತಲೂ ಅಲ್ಲ. ಕಾಲೊಟೈಪ್ ಎಂಬ ಹಳೆಯ ಮುದ್ರಣ ವಿಧಾನದಲ್ಲಿ ಮಾಡಿದ ನಕಲಿನಲ್ಲಿ ಚುಕ್ಕೆಯೇ ಇರುವುದಿಲ್ಲ.)

ಇದನ್ನೆಲ್ಲ ಮಾರಾಟಗಾರರಿಗೆ ಹೇಳಿದೆ. ಈಗ ಅವರ ಉತ್ತರಗಳನ್ನು ಕೇಳಿ.

ಮೊದಲು: ‘ಸರ್, ಲೇಖಕರು ಒಂದೇ ಪತ್ರವನ್ನು ಹಲವರಿಗೆ ಬರೆದಿರಬಹುದು.’ ಇಂಕಿನ ಕಲೆಯನ್ನೂ ಹಲವರಿಗೆ ಅದೇ ಜಾಗದಲ್ಲಿ ಬೀಳಿಸಿದರಾ ಎಂದು ಕೇಳಿದೆ. ಅದಕ್ಕೆ ಉತ್ತರವಿಲ್ಲ.

ಆಮೇಲೆ: ‘ನೀವು ಸೀಲ್ ಒಡೆದಿದ್ದೀರಿ ಸರ್. ಒಳಗಿನ ಪತ್ರ ನೀವೇ ಬದಲಾಯಿಸಿಲ್ಲ ಎಂದು ನಮಗೆ ಹೇಗೆ ಗೊತ್ತು?’ ಮೋಸ ಮಾಡಿದವರು ನನ್ನನ್ನೇ ಕಳ್ಳ ಅಂದರು. ಇದನ್ನು ಮಾತ್ರ ನಾನು ಮರೆಯುವುದಿಲ್ಲ.

ನಂತರ: ‘ನಮ್ಮ ಪರಿಣತರು ನೋಡಿದ್ದಾರೆ.’ ಯಾರು ಎಂದರೆ ಹೆಸರಿಲ್ಲ. ಅಮೆರಿಕದ ಲೇಖಕಿ ಲೀ ಇಸ್ರೇಲ್ 1990ರ ದಶಕದ ಆರಂಭದಲ್ಲಿ ಸಿಕ್ಕಿಬೀಳುವ ಮುಂಚೆ ಸಾಹಿತಿಗಳ ಮತ್ತು ಇತರ ಪ್ರಸಿದ್ಧರ ಹೆಸರಿನಲ್ಲಿ ಸುಮಾರು 400 ನಕಲಿ ಪತ್ರ ಮಾಡಿ ಮಾರಿದ್ದರು. ಅನುಭವಿ ವ್ಯಾಪಾರಿಗಳೇ ಅವನ್ನು ಕೊಂಡಿದ್ದರು. ಪರಿಣತರು ನೋಡಿದ್ದಾರೆ ಎಂಬ ಮಾತಿಗೆ ಇಷ್ಟೇ ಬೆಲೆ.

ಕೊನೆಗೆ: ‘ನಾವು ಮಾರಿದ್ದು ಪುಸ್ತಕ. ಪತ್ರ ಉಚಿತವಾಗಿ ಕೊಟ್ಟದ್ದು. ಪುಸ್ತಕ ಅಸಲಿ ಅಲ್ವಾ ಸರ್?’ ಹೌದು, ಪುಸ್ತಕ ಅಸಲಿ. ಬಿಲ್ ತೆಗೆದು ನೋಡಿದೆ. ಪುಸ್ತಕದ ಹೆಸರು, ಪ್ರತಿ ಸಂಖ್ಯೆ ಮಾತ್ರ ಇದೆ, ಪತ್ರದ ಸುದ್ದಿಯೇ ಇಲ್ಲ. ಹಣ ತೆಗೆದುಕೊಂಡದ್ದು ಪತ್ರದ ಹೆಸರಿನಲ್ಲಿ, ಬಿಲ್ ಬರೆದದ್ದು ಪುಸ್ತಕದ ಹೆಸರಿನಲ್ಲಿ. ಮೊದಲಿಂದಲೂ ಲೆಕ್ಕ ಹಾಕಿಯೇ ಮಾಡಿದ್ದಾರೆ. ಇದನ್ನು ಕೇಳಿದ ಮೇಲೆ ನನ್ನನ್ನು ಬ್ಲಾಕ್ ಮಾಡಿದರು.

ಇಂಥ ಮೋಸ ಹಿಡಿಯುವುದು ಯಾಕೆ ಕಷ್ಟ ಅಂದರೆ, ಇಲ್ಲಿ ಕೈಬರಹವನ್ನು ಯಾರೂ ನಕಲಿ ಮಾಡಿಲ್ಲ. ಅಕ್ಷರ ಲೇಖಕರದೇ, ಸಹಿಯೂ ಅವರದೇ. ಬೇರೆ ಸಹಿಗಳ ಜೊತೆ ಹೋಲಿಸಿ ನೋಡಿದರೆ ಪೂರ್ತಿ ಹೊಂದುತ್ತದೆ. ನಾನೂ ಕೊಳ್ಳುವ ಮುಂಚೆ ಹೋಲಿಸಿ ನೋಡಿದ್ದೆ. ಪ್ರಕಾಶಕರು ಪ್ರಾಮಾಣಿಕವಾಗಿ ಕೊಟ್ಟ ನಕಲನ್ನು ಮಧ್ಯದವರು ಅಸಲಿ ಮಾಡಿದ್ದಾರೆ, ಅಷ್ಟೇ.

ಹಾಗಾಗಿ ಬರೀ ಸಹಿ ಹೋಲಿಸಿ ನಂಬಬೇಡಿ. ಫ್ರೇಮ್ ಇಲ್ಲದ ಫೋಟೋ ಕೇಳಿ, ಹಿಂಬದಿಯದ್ದೂ ಬೇಕು, ಪಕ್ಕದಿಂದ ಬೆಳಕು ಬಿಟ್ಟು ತೆಗೆದದ್ದೂ ಬೇಕು. ಆ ಆವೃತ್ತಿಯ ಜೊತೆ ಪ್ರಕಾಶಕರು ಏನೇನು ಕೊಟ್ಟಿದ್ದರು ಎಂದು ಮೊದಲು ಹುಡುಕಿ. ಜೇಬು ಇದ್ದು ಖಾಲಿ ಇದ್ದರೆ ಅಲ್ಲೇ ನಿಲ್ಲಿಸಿ. ಬಿಲ್‌ನಲ್ಲಿ ‘ಮೂಲ ಕೈಬರಹದ ಪತ್ರ, ಮುದ್ರಿತ ನಕಲಲ್ಲ’ ಎಂದು ಬರೆಸಿಕೊಳ್ಳಿ. ಬರೆಯಲು ಒಪ್ಪದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅವರ ಸರ್ಟಿಫಿಕೇಟ್ ಅವರೇ ಇಟ್ಟುಕೊಳ್ಳಲಿ.

ಪಾವತಿ ಕಂಪನಿಗೆ ದೂರು ಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಈ ವಾರ ಆ ಮಾರಾಟಗಾರರು ಅದೇ ಆವೃತ್ತಿಯ ಇನ್ನೊಂದು ಪ್ರತಿಯನ್ನು ಮಾರಾಟಕ್ಕೆ ಇಟ್ಟಿದ್ದಾರೆ, ‘ಲೇಖಕರ ಪತ್ರದ ಸಮೇತ’. ಫೋಟೋ ದೊಡ್ಡದು ಮಾಡಿ ನೋಡಿದೆ. ಸಹಿಯ ಪಕ್ಕ ಅದೇ ಕಲೆ ಇದೆ. ನಿಮ್ಮಲ್ಲಿ ಯಾರಾದರೂ ಅದಕ್ಕೆ ಮುಂಗಡ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.