ದೊಡ್ಡಕ್ಷರದ ಕನ್ನಡ ಸತ್ಯವೇದ: ಕಷ್ಟದಲ್ಲಿರುವ ಮನೆಗೆ ಕೊಡಲು ತಕ್ಕದ್ದೇ?

ಕೋಲಾರ ಜಿಲ್ಲೆಯ ಕ್ರೈಸ್ತ ಮನೆಗಳಲ್ಲಿ ಕಾಯಿಲೆಯೋ ಸಾವೋ ಸಾಲದ ಹೊರೆಯೋ ಬಂದಾಗ, ನೋಡಲು ಹೋಗುವವರು ಹಣ್ಣಿನ ಜೊತೆಗೆ ಬೈಬಲಿನ ವಚನ ಬರೆದ ಗಾಜಿನ ಚೌಕಟ್ಟನ್ನೋ ವಾಗ್ದಾನದ ಕಾರ್ಡನ್ನೋ ಒಯ್ಯುವುದು ವಾಡಿಕೆ. ಇವುಗಳ ಬದಲಿಗೆ ನಾನು ರಾಬರ್ಟ್‌ಸನ್‌ಪೇಟೆಯಲ್ಲಿರುವ ದೊಡ್ಡಮ್ಮನಿಗೆ ದೊಡ್ಡಕ್ಷರದ ಸತ್ಯವೇದವೊಂದನ್ನು, ಅಂದರೆ ಬೈಬಲನ್ನು, ಕೊಂಡು ಕೊಟ್ಟೆ. ಮುದ್ರಣ, ಕಾಗದ, ಹೊಲಿಗೆಗಳ ಜೊತೆಗೆ, ‘ಇದರಲ್ಲಿಯೂ ದೇವರ ಉದ್ದೇಶವಿದೆ’ ಎಂಬ ಮಾತನ್ನು ಕೇಳಿ ಕೇಳಿ ದಣಿದವರಿಗೆ ಈ ಪ್ರತಿಯಿಂದ ಏನು ಸಿಗುತ್ತದೆ ಎಂಬುದನ್ನೂ ಇಲ್ಲಿ ಪರಿಶೀಲಿಸಿದ್ದೇನೆ.

ಅಕ್ಷರದ ಗಾತ್ರಕ್ಕೆ ಪೂರ್ಣ ಅಂಕ ಕೊಡಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕನ್ನಡಕವಿಲ್ಲದೆ ಓದಬಲ್ಲಷ್ಟು ದೊಡ್ಡದಾಗಿದೆ. ಒತ್ತಕ್ಷರಗಳು ಒಂದಕ್ಕೊಂದು ಮೆತ್ತಿಕೊಂಡಿಲ್ಲ. ಕಾಗದ ಮಾತ್ರ ತೀರಾ ತೆಳು, ಹಿಂಬದಿಯ ಮುದ್ರಣ ಈಚೆಗೆ ಕಾಣುತ್ತದೆ. ಒಂದೇ ಕೈಯಲ್ಲಿ ಹಿಡಿದು ಓದಲಾಗದಷ್ಟು ಭಾರವಿರುವುದರಿಂದ ಹಾಸಿಗೆ ಹಿಡಿದವರಿಗೆ ಇದು ಆಗದು.

ದೊಡ್ಡಮ್ಮನ ಮನೆಯ ಗೋಡೆಯ ಮೇಲೆ ಮೊದಲಿನಿಂದಲೂ ಒಂದು ಚೌಕಟ್ಟಿದೆ. ದೇವರು ತನ್ನನ್ನು ಪರೀಕ್ಷಿಸಿದ ಮೇಲೆ ತಾನು ಚಿನ್ನದಂತೆ ಹೊರಬರುವೆನು ಎಂದು, ಕಾರಣ ತಿಳಿಯದೆ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನು ಹೇಳುವ ವಚನ, ಅವನ ಹೆಸರಿನ ಪುಸ್ತಕದ 23ನೇ ಅಧ್ಯಾಯದ 10ನೆಯದು, ಚಿನ್ನದ ಬಣ್ಣದ ಅಕ್ಷರಗಳಲ್ಲಿ. ರಾಬರ್ಟ್‌ಸನ್‌ಪೇಟೆ ಸೇರಿರುವ ಕೆಜಿಎಫ್‌ನಂಥ ಚಿನ್ನದ ಗಣಿಯ ಊರಿನಲ್ಲಿ ಈ ವಚನ ಜನರಿಗೆ ಹಿಡಿಸುವುದು ಸಹಜವೇ. ದೊಡ್ಡಪ್ಪ ಗಣಿಯೊಳಗೆ ಇಳಿದು ದುಡಿದವರು. 2001ರಲ್ಲಿ ಗಣಿ ಮುಚ್ಚಿದಾಗ ಕೆಲಸ ಹೋಯಿತು, ಆಮೇಲೆ ಕಲ್ಲುಧೂಳು ಕುಡಿದ ಶ್ವಾಸಕೋಶ ಕೈಕೊಟ್ಟಿತು, ಮಗ ಮಾರಿಕುಪ್ಪಂ ರೈಲು ಹಿಡಿದು ದಿನವೂ ಬೆಂಗಳೂರಿಗೆ ಹೋಗಿ ಬರುವ ದುಡಿಮೆಗೆ ಬಿದ್ದ. ಆ ಚೌಕಟ್ಟು ಮನೆಗೆ ಬಂದದ್ದು ಆ ದಿನಗಳಲ್ಲಿ. ತಂದುಕೊಟ್ಟವರ ಮನಸ್ಸು ಒಳ್ಳೆಯದೇ, ಆದರೆ ಚೌಕಟ್ಟಿನಲ್ಲಿ ಹಿಡಿಸುವುದು ಒಂದೇ ವಚನ.

ದೊಡ್ಡಕ್ಷರದ ಪ್ರತಿಯಲ್ಲಿ ಅದೇ ಪುಟವನ್ನು ತೆರೆದರೆ 8 ಮತ್ತು 9ನೇ ವಚನಗಳು ಮೊದಲು ಕಣ್ಣಿಗೆ ಬೀಳುತ್ತವೆ. ಮುಂದೆ ಹೋದರೂ ದೇವರು ಅಲ್ಲಿಲ್ಲ, ಹಿಂದೆ ಹೋದರೂ ಕಾಣಿಸುವುದಿಲ್ಲ, ಎಡಕ್ಕೂ ಬಲಕ್ಕೂ ಆತನು ಸಿಗುವುದಿಲ್ಲ ಎಂದು ಯೋಬನು ಗೋಳಾಡುತ್ತಾನೆ. ಹತ್ತನೆಯ ವಚನದ ಭರವಸೆ ಬರುವುದು ಆ ಗೋಳಾಟದ ಬೆನ್ನಿಗೇ, ಮತ್ತು ಆ ಭರವಸೆಯ ನಂತರವೂ ಅಧ್ಯಾಯವು ಭಯದಲ್ಲಿ, ಕತ್ತಲೆಯ ಮಾತಿನಲ್ಲಿ ಮುಗಿಯುತ್ತದೆ. ದೇವರನ್ನು ಕಾಣಲಾರದವನೇ ದೇವರು ತನ್ನ ದಾರಿಯನ್ನು ಬಲ್ಲನೆಂದು ಹೇಳುತ್ತಿದ್ದಾನೆ ಎಂಬುದು ಚೌಕಟ್ಟನ್ನು ನೋಡಿದವರಿಗೆ ಎಂದೂ ತಿಳಿಯುವುದಿಲ್ಲ.

ಅಲ್ಲಿಂದ ಐದು ಅಧ್ಯಾಯ ಮುಂದೆ, 28ನೆಯದರಲ್ಲಿ, ಗಣಿಗಾರಿಕೆಯ ವರ್ಣನೆಯೇ ಇದೆ: ಮನುಷ್ಯರು ಓಡಾಡುವ ನೆಲದಿಂದ ದೂರವಾಗಿ ಗುಂಡಿ ತೋಡುವವರು, ಹಗ್ಗದಲ್ಲಿ ಜೋತಾಡುತ್ತಾ ಕೆಳಗಿಳಿಯುವವರು, ಕತ್ತಲೆಯ ಕೊನೆಯವರೆಗೂ ಅದಿರನ್ನು ಹುಡುಕುವವರು, ಮೇಲೆ ಬೆಳೆ ಬೆಳೆಯುವ ಭೂಮಿ, ಅಡಿಯಲ್ಲಿ ಚಿನ್ನದ ಧೂಳು. ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯ ಊರಿನಲ್ಲಿ ಇದನ್ನು ಗಟ್ಟಿಯಾಗಿ ಓದಿದಾಗ ದೊಡ್ಡಮ್ಮ, “ಇದನ್ನ ಯಾರೋ ಕೇಜಿನಾಗೆ ಇಳಿದೋರೇ ಬರೆದಂಗೈತಲ್ಲಪ್ಪ” ಎಂದರು (ಕೇಜು ಎಂದರೆ ಕೆಲಸಗಾರರನ್ನು ಗಣಿಯೊಳಗೆ ಇಳಿಸುವ ಪಂಜರದಂಥ ಲಿಫ್ಟು). ಇಷ್ಟೆಲ್ಲ ಅಗೆಯಬಲ್ಲ ಮನುಷ್ಯನಿಗೆ ಜ್ಞಾನ ಮಾತ್ರ ಯಾವ ಗಣಿಯಲ್ಲಿಯೂ ಸಿಗದು, ಚಿನ್ನ ಕೊಟ್ಟರೂ ಬಾರದು, ಅದರ ದಾರಿ ದೇವರೊಬ್ಬನಿಗೇ ಗೊತ್ತು ಎಂದು ಆ ಅಧ್ಯಾಯ ಹೇಳುತ್ತದೆ. ಪುಸ್ತಕದ ಕೊನೆಯಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡಿದಾಗಲೂ ಯೋಬನ ಕಷ್ಟಕ್ಕೆ ಕಾರಣ ಹೇಳುವುದಿಲ್ಲ; ಕಾರಣವನ್ನು ಬಲ್ಲವರಂತೆ ಅಧ್ಯಾಯಗಟ್ಟಲೆ ಮಾತಾಡಿದ ಅವನ ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರರೇ ಆತನ ಕೋಪಕ್ಕೆ ಗುರಿಯಾಗುತ್ತಾರೆ. ಅವರು ಯೋಬನ ಪಕ್ಕದಲ್ಲಿ ಏಳು ಹಗಲು ಏಳು ರಾತ್ರಿ ಬಾಯಿಬಿಡದೆ ಕುಳಿತಿದ್ದಾಗ ಏನೂ ತಪ್ಪಿರಲಿಲ್ಲ. (ದುಃಖದ ಮನೆಗೆ ಹೋಗುವ ನಮ್ಮ ಚರ್ಚ್ ಸಭೆಯ ಹಿರಿಯರಿಗೂ ಈ ಭಾಗವನ್ನು ಓದಿಸಬೇಕೆಂದು ನನಗೆ ಅನ್ನಿಸಿದ್ದುಂಟು.)

ಈ ಮುದ್ರಣದ ದೊಡ್ಡ ಲಾಭವಿರುವುದು ಪುಟದಡಿಯ ವಚನ-ಸೂಚನೆಗಳಲ್ಲಿ, ಅಂದರೆ ಸಂಬಂಧಿಸಿದ ಬೇರೆ ವಚನಗಳು ಎಲ್ಲಿವೆ ಎಂದು ತೋರಿಸುವ ಟಿಪ್ಪಣಿಗಳಲ್ಲಿ. ಅವುಗಳ ಅಕ್ಷರ ಚಿಕ್ಕದು, ದೊಡ್ಡಮ್ಮನಿಗೆ ಮೊಮ್ಮಗಳ ಕಣ್ಣು ಬೇಕಾಗುತ್ತದೆ, ಆದರೂ ಅವು ಓದುಗರನ್ನು ಸರಿಯಾದ ಕಡೆಗೇ ಕರೆದೊಯ್ಯುತ್ತವೆ. ಅಣ್ಣಂದಿರು ಬಗೆದ ಕೇಡನ್ನು ದೇವರು ಮೇಲಾಗುವಂತೆ ಮಾಡಿದನೆಂಬ, ಅವರೇ ಗುಂಡಿಗೆ ತಳ್ಳಿ ಮಾರಿದ ಯೋಸೇಫನ ಮಾತು ಆದಿಕಾಂಡದ 50ನೇ ಅಧ್ಯಾಯದಲ್ಲಿದೆ. ಹಿಂದಿನ ಸೂಚನೆಗಳನ್ನು ಹಿಡಿದು ವಯಸ್ಸಿನ ಲೆಕ್ಕ ಹಾಕಿದರೆ, ಕಥೆಯ ಆರಂಭದಲ್ಲಿ ಹದಿನೇಳರವನಾಗಿದ್ದವನು ಐಗುಪ್ತದ (ಈಜಿಪ್ಟಿನ) ದೊರೆ ಫರೋಹನ ಮುಂದೆ ನಿಂತದ್ದು ಮೂವತ್ತಕ್ಕೆ. ಸುಭಿಕ್ಷದ ಏಳು ವರ್ಷ, ಬರದ ಎರಡು ವರ್ಷ ಕಳೆದ ಮೇಲೆ ತಂದೆ ಐಗುಪ್ತಕ್ಕೆ ಬಂದು ಹದಿನೇಳು ವರ್ಷ ಬದುಕಿ ತೀರಿಕೊಂಡ ನಂತರವೇ ಆ ಮಾತು ಹೊರಟದ್ದು. ಅಂದರೆ ಗುಂಡಿಗೆ ತಳ್ಳಿಸಿಕೊಂಡ ಸುಮಾರು 39 ವರ್ಷಗಳ ಮೇಲೆ, ಅದೂ ನೊಂದವನ ಬಾಯಿಂದಲೇ. ಗುಂಡಿಯ ಅಂಚಿನಲ್ಲಿ ನಿಂತು ಯಾರೂ ಅವನಿಗೆ ಅದನ್ನು ಹೇಳಿರಲಿಲ್ಲ.

ವಾಗ್ದಾನದ ಕಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ಯೆರೆಮೀಯ 29:11ರ ಗತಿಯೂ ಇದೇ. ಜನರ ಹಿತಕ್ಕಾಗಿ ದೇವರಿಗಿರುವ ಯೋಚನೆಗಳನ್ನು ಹೇಳುವ ಆ ವಚನದ ಹಿಂದಿನದರಲ್ಲಿ, ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಹೇಳಿದ 70 ವರ್ಷಗಳ ಗಡುವಿದೆ. ಕೇಳಿಸಿಕೊಂಡವರಲ್ಲಿ ವಯಸ್ಸಾದವರು ಅದು ನೆರವೇರುವುದನ್ನು ಕಾಣುವಂತಿರಲಿಲ್ಲ. ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಹಾಕಿರಿ, ಸೆರೆ ಒಯ್ದ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂದು ಪ್ರವಾದಿ ಬರೆಯುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 8:28ರಲ್ಲಿ ಎಲ್ಲವೂ ಹಿತಕ್ಕಾಗಿ ಕೂಡಿ ನಡೆಯುತ್ತದೆ ಎಂದರೆ, ಆ ಹಿತವು ಕ್ರಿಸ್ತನ ಸಾರೂಪ್ಯವೆಂದು ಮುಂದಿನ ವಚನವೇ ತಿಳಿಸುತ್ತದೆ. ಕಳೆದ ಕೆಲಸ ಮರಳಿ ಸಿಗುವುದೆಂದು ಅದರ ಅರ್ಥವಲ್ಲ, ಸಿಗಬಾರದೆಂದೂ ಅಲ್ಲ.

ಕೊರತೆಗಳೂ ಇವೆ. ಪುಸ್ತಕದ ಕೊನೆಗೆ ಪ್ರಕಾಶಕರು ‘ದುಃಖದಲ್ಲಿರುವಾಗ ಓದಿರಿ’ ಎಂದು ಸೇರಿಸಿರುವ ಪಟ್ಟಿ ನನಗೆ ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ಅದರಲ್ಲಿ ಸಮಾಧಾನದ ವಚನಗಳಷ್ಟೇ ಇವೆ. ಕತ್ತಲೆಯಲ್ಲಿಯೇ ಕೊನೆಗೊಳ್ಳುವ 88ನೇ ಕೀರ್ತನೆಯಿಲ್ಲ, ಪ್ರಲಾಪಗಳ ಪುಸ್ತಕದ ಒಂದು ಪುಟವೂ ಇಲ್ಲ, ಅಂಜೂರ ಚಿಗುರದಿದ್ದರೂ ಹಟ್ಟಿಯಲ್ಲಿ ದನಗಳಿಲ್ಲದಿದ್ದರೂ ಯೆಹೋವನಲ್ಲಿ ಉಲ್ಲಾಸಿಸುವೆನೆಂಬ ಪ್ರವಾದಿ ಹಬಕ್ಕೂಕನೂ ಇಲ್ಲ. ಸಾವಿರ ಅಡಿ ಕೊರೆಸಿದರೂ ನೀರು ಬಾರದ ಬೋರ್‌ವೆಲ್ ಮುಂದೆ ನಿಂತ ಕೋಲಾರದ ರೈತನಿಗೆ ಹಬಕ್ಕೂಕನ ಮೂರನೆಯ ಅಧ್ಯಾಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಪಟ್ಟಿಯನ್ನು ಸಿದ್ಧಪಡಿಸಿದವರೂ ಚೌಕಟ್ಟಿನ ಅಂಗಡಿಯವರ ಮನಸ್ಸಿನಿಂದಲೇ ಆಯ್ದಂತಿದೆ.

ಅನುವಾದ ಹಳೆಯ ಗ್ರಾಂಥಿಕ ಕನ್ನಡದಲ್ಲಿದೆ. ದೊಡ್ಡಮ್ಮನ ವಯಸ್ಸಿನವರಿಗೆ ಸಭೆಯಲ್ಲಿ ಕೇಳಿದ ಮಾತೇ ಪುಟದಲ್ಲಿ ಸಿಗುವುದರಿಂದ ಅನುಕೂಲವೇ ಆಗಿದೆ. ಮೊಮ್ಮಗಳು ಮಾತ್ರ ಯೋಬನ ಸಂವಾದಗಳಲ್ಲಿ ಎಡವುತ್ತಾಳೆ. ಅಂಥವರಿಗೆ ಸರಳ ಕನ್ನಡದ ಅನುವಾದಗಳು ಬೇರೆ ದೊರೆಯುತ್ತವೆ. ಮೊಬೈಲಿನಲ್ಲಿ ಕೇಳುವ ಆವೃತ್ತಿಗಳೂ ಇವೆಯಾದರೂ, ಹಿಂದಿನ ವಚನಕ್ಕೆ ತಿರುಗಿ ನೋಡುವ ಸೌಕರ್ಯ ಅವುಗಳಲ್ಲಿ ಕಡಿಮೆ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಎದ್ದು ಕೂರಬಲ್ಲ ಹಿರಿಯರಿಗೆ, ಓದಿ ಹೇಳಲು ಮನೆಯಲ್ಲಿ ಯಾರಾದರೂ ಇರುವವರಿಗೆ ಇದನ್ನು ಧೈರ್ಯವಾಗಿ ಕೊಡಬಹುದು. ಹಾಸಿಗೆಯಲ್ಲಿರುವವರಿಗಾದರೆ ಕೀರ್ತನೆಗಳಷ್ಟನ್ನೇ ಬಿಡಿಯಾಗಿ ಮುದ್ರಿಸಿದ ಹಗುರ ಪ್ರತಿ ಮೇಲು. ಕೊಳ್ಳುವಾಗ ಅಂಗಡಿಯಲ್ಲಿಯೇ ಯೋಬನ ಪುಸ್ತಕದ ಕಡೆಗೆ, ಅಂದರೆ ನಡುಭಾಗಕ್ಕೆ, ತೆರೆದು ಹೊಲಿಗೆ ಬಿಗಿಯಾಗಿದೆಯೇ ನೋಡಿರಿ. ನನ್ನ ಪ್ರತಿ ಅಲ್ಲಿಯೇ ಸಡಿಲವಾಗತೊಡಗಿದೆ. ಜಿಪ್ ಇರುವ ಹೊದಿಕೆಗೆ ಹೆಚ್ಚು ಹಣ ಕೊಡುವ ಬದಲು ಅದೇ ದುಡ್ಡಿಗೆ ಮರದ ವ್ಯಾಸಪೀಠವೊಂದನ್ನು ತಂದರೆ ಪುಸ್ತಕದ ಭಾರ ಓದುವವರ ಕೈಗೆ ಬೀಳುವುದಿಲ್ಲ.